ಹತ್ತೊಂಬತ್ತನೆಯ ಆಟದ ಟೀ ಗ್ಲಾಸು

ಫೆಬ್ರವರಿ 9, ಭಾನುವಾರ. ಆಟ ಶುರುವಾದದ್ದು ಮಧ್ಯಾಹ್ನ 2 ಗಂಟೆ 20 ನಿಮಿಷಕ್ಕೆ, ಜಗಳ ಶುರುವಾದದ್ದು 3 ಗಂಟೆ 52ಕ್ಕೆ. ನಲವತ್ತೊಂದನೆಯ ಆಟ. ಎರಡೂ ಹೊತ್ತನ್ನು ಗೋಡೆ ಗಡಿಯಾರ ನೋಡಿಯೇ ಬರೆದುಕೊಂಡಿದ್ದೇನೆ.

ಜಾಗ ಹಾಸನದ ಬಸ್ ನಿಲ್ದಾಣದ ಹತ್ತಿರದ ಒಂದು ಬೇಕರಿಯ ಮಹಡಿ. ಮೈದಾ ಮೂಟೆ, ವನಸ್ಪತಿ ಡಬ್ಬ, ಮಡಿಸಿಟ್ಟ ಕೇಕಿನ ಪೆಟ್ಟಿಗೆಗಳ ನಡುವೆ ಒಂದು ಮೇಜು, ನಾಲ್ಕು ಸ್ಟೂಲು. ಭಾನುವಾರ ಮಧ್ಯಾಹ್ನ ವ್ಯಾಪಾರ ಕಡಿಮೆ ಎಂದು ಬೇಕರಿಯ ಮಾಲೀಕರು ತಮ್ಮ ಅಕ್ಕನ ಮಗನಿಗೆ ಮೂರು ಗಂಟೆ ಬಿಡುವು ಕೊಡುತ್ತಿದ್ದರು. ಆ ಅಕ್ಕನ ಮಗ ಹೊಳೆನರಸೀಪುರದವನು, ದಿನವೂ ರೈಲಿನಲ್ಲಿ ಬಂದು ಕೌಂಟರಿನಲ್ಲಿ ನಿಲ್ಲುವವನು. ಆಟ ನಡೆಸುವವನು ಅವನೇ, ಆದ್ದರಿಂದ ನಾವು ಅವನನ್ನು ಯಜಮಾನ ಎನ್ನುತ್ತಿದ್ದೆವು. ಆಡುವವರು ಮೂವರು. ಚನ್ನರಾಯಪಟ್ಟಣದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಹುಡುಗಿ, ಅರಕಲಗೂಡಿನ ಕಡೆ ಹೊಗೆಸೊಪ್ಪು ಬೆಳೆಯುವ ಮನೆಯ ಒಬ್ಬ, ಹಾಸನದ ಆಲೂಗೆಡ್ಡೆ ಶೀತಲಗೃಹದಲ್ಲಿ ಎರಡು ಗಂಟೆಗೊಮ್ಮೆ ಉಷ್ಣತೆ ಬರೆದಿಡುವ ನಾನು.

ಇದು ಬಾಯಲ್ಲಿ ಆಡುವ ಆಟ. ಯಜಮಾನ ಒಂದು ಲೋಕವನ್ನು ಹೇಳುತ್ತಾನೆ. ಎಲ್ಲಿ ಕಾಡು, ಎಲ್ಲಿ ಕೋಟೆ, ಬಾಗಿಲ ಹಿಂದೆ ಏನು ಕಾದಿದೆ ಎಂಬುದು ಅವನಿಗೆ ಮಾತ್ರ ಗೊತ್ತು. ಉಳಿದವರಿಗೆ ತಲಾ ಒಂದು ಪಾತ್ರ. ನಮ್ಮ ಪಾತ್ರ ಏನು ಮಾಡುತ್ತದೆ ಎಂದು ನಾವು ಹೇಳುತ್ತೇವೆ, ಅದು ನಡೆಯುತ್ತದೋ ಇಲ್ಲವೋ ಎಂದು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಪಾತ್ರದ ಬಲ, ಗಾಯ, ಮಂತ್ರ, ಚೀಲದಲ್ಲಿರುವ ಸಾಮಾನು ಎಲ್ಲವೂ ಒಂದೊಂದು ಹಾಳೆಯಲ್ಲಿ ಬರೆದಿರುತ್ತದೆ. ನನ್ನದು ಭರ್ಜಿ ಹಿಡಿದ ಕಾವಲುಗಾರ. ಅರಕಲಗೂಡಿನವನದು ಬಿಲ್ಲುಗಾರ. ಅವಳದು ವೈದ್ಯೆ.

ಲೋಕವನ್ನು ತೋರಿಸಲು ನಮ್ಮಲ್ಲಿದ್ದದ್ದು ಬನ್ ಬೇಯಿಸುವ ತಗಡಿನ ಟ್ರೇ. ಅದರ ಮೇಲೆ ಯಜಮಾನ ಮೈದಾ ಉದುರಿಸಿ, ಬೆರಳಲ್ಲಿ ದಾರಿ, ಗೋಡೆ, ಹೊಳೆ ಎಳೆಯುತ್ತಿದ್ದ. ನಾನು ಗೋಡಂಬಿ, ಅವಳು ಒಣದ್ರಾಕ್ಷಿ, ಅರಕಲಗೂಡಿನವನು ಲವಂಗ. ಶತ್ರುಗಳೆಲ್ಲ ಕೆಂಪು ಟೂಟಿಫ್ರೂಟಿ. ಕೊಂದವನು ತಿನ್ನಬಹುದು.

ಮೂರನೆಯ ಆಟದಲ್ಲಿ ಒಂದು ರಸ್ಕನ್ನು ಸೇತುವೆ ಎಂದು ಇಟ್ಟಿದ್ದ. ಅರಕಲಗೂಡಿನವನು ಮಾತಿನ ಭರದಲ್ಲಿ ಅದನ್ನು ಟೀಗೆ ಅದ್ದಿಕೊಂಡು ತಿಂದ. ನಾವು ನಕ್ಕೆವು. ಯಜಮಾನ ನಗಲಿಲ್ಲ. "ಸೇತುವೆ ಓಯ್ತು. ಮೇಲಿದ್ದೋನು ಬಿದ್ದ," ಎಂದ. ಮೇಲಿದ್ದವನು ನಾನು. ನನ್ನ ಕುದುರೆ ಸತ್ತಿತು, ನಾನು ಈಜಿ ದಡ ಸೇರಿದೆ. ಅಂದು ಅವನು ತನ್ನ ನಿಯಮದ ಪುಸ್ತಕದ ಮೊದಲ ಪುಟದಲ್ಲಿ ಬರೆದ ಸಾಲು ಇದು: ಟ್ರೇ ಮೇಲೆ ಇರುವುದು ಇದೆ, ಇಲ್ಲದ್ದು ಇಲ್ಲ. ಅದರ ಕೆಳಗೆ ಎರಡನೆಯದು: ಒಮ್ಮೆ ಕೊಟ್ಟ ತೀರ್ಪು ಎಲ್ಲರಿಗೂ, ಎಂದಿಗೂ.

ಸತ್ತ ಪಾತ್ರದ ಹಾಳೆಗೂ ನಮ್ಮಲ್ಲಿ ಒಂದು ಪದ್ಧತಿ ಇತ್ತು. ಆಟ ಮುಗಿದ ಮೇಲೆ ಎಲ್ಲರೂ ಕೆಳಗಿಳಿದು, ಹಿಂದಿನ ಸೌದೆ ಭಟ್ಟಿಗೆ ಆ ಹಾಳೆಯನ್ನು ಹಾಕುವುದು. ಆಮೇಲೆ ಆ ಪಾತ್ರದ ಹೆಸರನ್ನು ಯಾರೂ ಇಟ್ಟುಕೊಳ್ಳುವಂತಿಲ್ಲ. ಅಷ್ಟರವರೆಗೆ ಭಟ್ಟಿ ಸೇರಿದ್ದು ಎರಡು ಹಾಳೆ, ಎಂಟನೆಯ ಆಟದಲ್ಲಿ ಒಂದು, ಇಪ್ಪತ್ತೇಳನೆಯದರಲ್ಲಿ ಒಂದು. ಎರಡೂ ಅರಕಲಗೂಡಿನವನವು. ಭಟ್ಟಿ ನೋಡಿಕೊಳ್ಳುವ ಅಣ್ಣ ಐವತ್ತು ದಾಟಿದ ಗಂಭೀರ ಮನುಷ್ಯ. ಪ್ರತಿಸಲವೂ ಬಾಗಿಲು ತೆಗೆದು, "ಯಾರಪ್ಪಾ ಓಗ್ಬುಟ್ಟೋರು?" ಎಂದು ಕೇಳಿ, ಉತ್ತರ ಬರುವವರೆಗೆ ಕಾದು ಹಾಳೆಯನ್ನು ಒಳಗೆ ತಳ್ಳುತ್ತಿದ್ದರು.

ಇನ್ನು ತಡೆಗಳ ವಿಷಯ. ನಮ್ಮ ಆಟದಲ್ಲಿ ಮಂತ್ರವನ್ನು ತಡೆಯುವ ವಸ್ತು ಮೂರು ಬಗೆ. ಒಂದು ಮೌನದ ವಲಯ, ಅದರೊಳಗೆ ಬಾಯಿ ಬಿಟ್ಟರೂ ಸದ್ದಿಲ್ಲ, ಆದ್ದರಿಂದ ಉಚ್ಚರಿಸಬೇಕಾದ ಮಂತ್ರ ಹುಟ್ಟುವುದೇ ಇಲ್ಲ. ಇದು ಬಂದದ್ದು ನಾಲ್ಕು ಸಲ. ಇನ್ನೊಂದು ಸತ್ತ ನೆಲ, ಅಲ್ಲಿ ಕಾಲಿಟ್ಟರೆ ಮೈಮೇಲಿದ್ದ ಮಂತ್ರಗಳೂ ಆರುತ್ತವೆ. ಎರಡು ಸಲ. ಮೂರನೆಯದು ಪಾರದರ್ಶಕ ತಡೆ. ಆಚೆಗಿನದೆಲ್ಲ ಕಾಣುತ್ತದೆ, ಏನೂ ದಾಟುವುದಿಲ್ಲ. ಮಂತ್ರ ಹಾಕುವವನಿಗೂ ಗುರಿಗೂ ನಡುವೆ ತೆರೆದ ದಾರಿ ಇರಬೇಕು, ಕಣ್ಣಿಗೆ ಕಂಡರೆ ಸಾಲದು. ಬೆಂಕಿ ಎಸೆದರೆ ಅದು ತಡೆಯ ಮೈಮೇಲೆ ಹರಡಿ ಆರುತ್ತದೆ. ಕಂಡ ಜಾಗಕ್ಕೆ ನೆಗೆಯುವ ಮಂತ್ರ ಮಾತ್ರ ಇದಕ್ಕೆ ಹೊರತು, ಏಕೆಂದರೆ ಅಲ್ಲಿ ಹಾರುವುದು ಮಂತ್ರವಲ್ಲ, ನಾವೇ. ನಮ್ಮಲ್ಲಿ ಆ ಮಂತ್ರ ಯಾರಿಗೂ ಬರುತ್ತಿರಲಿಲ್ಲ.

ಕಂಡರೆ ಸಾಕಲ್ಲವೇ ಎಂದು ನಾನು ವಾದಿಸಿದಾಗ ಯಜಮಾನ ನನ್ನನ್ನು ಕೆಳಗಿನ ಕೌಂಟರಿಗೆ ಎಳೆದುಕೊಂಡು ಹೋಗಿದ್ದ. ಗಾಜಿನ ಹಿಂದೆ ದಿಲ್‌ಪಸಂದ್ ಜೋಡಿಸಿಟ್ಟಿದ್ದರು. "ಕಾಣ್ತೈತಾ?"

"ಕಾಣ್ತದೆ."

"ಎತ್ಕೊ ಮತ್ತೆ. ಇಲ್ಲಿಂದ್ಲೇ."

ಬ್ರೆಡ್ಡು ಕೊಳ್ಳಲು ಬಂದಿದ್ದ ಇಬ್ಬರು ನಿಂತು ನೋಡಿದರು. ನಾನು ಮೇಲೆ ಬಂದು ಆ ನಿಯಮವನ್ನು ಬರೆದುಕೊಂಡೆ. ಟ್ರೇ ಮೇಲೆ ಈ ತಡೆಯ ಗುರುತು, ಬೋರಲು ಹಾಕಿದ ಒಂದು ಟೀ ಗ್ಲಾಸು.

ನನಗೂ ಅವನಿಗೂ ಮೊದಲಿನಿಂದ ಆಗುತ್ತಿರಲಿಲ್ಲ. ನಾನು ಪ್ರತಿ ಆಟದ ದಿನಾಂಕ, ಹೊತ್ತು, ಬಿದ್ದ ದಾಳ, ಕೊಟ್ಟ ತೀರ್ಪು, ಕುಡಿದ ಟೀ ಎಲ್ಲವನ್ನೂ 192 ಪುಟದ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಶೀತಲಗೃಹದ ಅಭ್ಯಾಸ, ಬಿಡಲು ಬರುವುದಿಲ್ಲ. ಹನ್ನೆರಡನೆಯ ಆಟದ ಹೊತ್ತಿಗೆ, ರಸ್ಕಿನ ಡಬ್ಬದ ಮರೆಯಲ್ಲಿ ಅವನು ಹಾಕುವ ದಾಳ ನಾವು ಬಯಲಲ್ಲಿ ಹಾಕುವುದಕ್ಕಿಂತ ಹೆಚ್ಚು ಬೀಳುತ್ತದೆ ಎಂದು ಲೆಕ್ಕ ಓದಿ ಹೇಳಿದೆ. ಅಂದಿನಿಂದ ನನ್ನ ಪುಸ್ತಕಕ್ಕೆ ಅವನು ಆಲೂಗೆಡ್ಡೆ ಬುಕ್ಕು ಎಂದು ಹೆಸರಿಟ್ಟ, ಸ್ವಲ್ಪ ದಿನದಲ್ಲಿ ನನಗೂ ಅದೇ ಹೆಸರಾಯಿತು. ನನ್ನ ಸರದಿ ಬಂದಾಗ ಕಿಟಕಿಯ ಆಚೆ ನೋಡುತ್ತಿದ್ದ. ನಾನು ಕೇಳಿದ ಪ್ರಶ್ನೆಗೆ ಅವಳಿಗೆ ಉತ್ತರ ಹೇಳುತ್ತಿದ್ದ. ಅದನ್ನೂ ಎಣಿಸಿದ್ದೇನೆ, ಹದಿನಾಲ್ಕು ಸಲ.

ನಲವತ್ತೊಂದನೆಯ ಆಟ ನಡೆದದ್ದು ನೀರಿನಲ್ಲಿ ಮುಳುಗುವ ಒಂದು ಪಾಳು ಚರ್ಚಿನಲ್ಲಿ. ಅಂಥದೇ ಚರ್ಚಿರುವ ಶೆಟ್ಟಿಹಳ್ಳಿಗೆ ನಾವು ಎಲ್ಲರೂ ಹೋಗಿ ಬಂದವರೇ, ಆದ್ದರಿಂದ ಕಮಾನು ಎಲ್ಲಿ, ಚಾವಣಿ ಎಲ್ಲಿ ಕುಸಿದಿದೆ ಎಂದು ಅವನು ಹೆಚ್ಚು ಹೇಳಬೇಕಾಗಲಿಲ್ಲ. ವೈದ್ಯೆ ಒಬ್ಬ ಗಾಯಾಳುವನ್ನು ಎತ್ತಲು ಒಳಗೆ ಓಡಿದಳು. ಯಜಮಾನ ಡಬ್ಬದ ಮರೆಯಲ್ಲಿ ದಾಳ ಹಾಕಿ, ಒಣದ್ರಾಕ್ಷಿಯ ಮೇಲೆ ಗ್ಲಾಸನ್ನು ಬೋರಲು ಹಾಕಿದ. "ಸುತ್ತ ತಡೆ ಬಿತ್ತು. ಒಳಗೆ ನೀರು ಏರ್ತಾ ಐತೆ. ಎಲ್ಲರ್ಗೂ ಒಂದೊಂದೇ ಸರದಿ. ಆಮೇಲೆ ಮುಳುಗ್ತಾಳೆ."

ನನ್ನ ಚೀಲದಲ್ಲಿ ನೀರಿನೊಳಗೆ ಉಸಿರಾಡಿಸುವ, ಒಂದೇ ಸಲ ಬಳಸಬಹುದಾದ ಮಂತ್ರದ ಓಲೆ ಒಂದಿತ್ತು. ಅದನ್ನು ಅವಳ ಮೇಲೆ ಹಾಕುತ್ತೇನೆ ಎಂದೆ.

"ತಡೆ ಐತೆ. ಓಗಲ್ಲ," ಎಂದು ಅವನು ಅವಳಿಗೆ ಹೇಳಿದ.

ಅವಳು ತನ್ನ ಹಾಳೆಯ ಮೇಲೆ ಕೈಯಿಟ್ಟುಕೊಂಡಳು. ಹದಿಮೂರು ತಿಂಗಳ ಹಾಳೆ. ಮಡಿಕೆಯಲ್ಲಿ ಹರಿದು, ಲ್ಯಾಬಿನ ಅಂಟುಪಟ್ಟಿ ಹಚ್ಚಿದ್ದಳು. ಹಿಂಬದಿಯಲ್ಲಿ ಆಟದಲ್ಲಿ ಬದುಕಿಸಿದವರ ಪಟ್ಟಿ, ಮೂವತ್ತೊಂದು ಹೆಸರು. ನಮ್ಮಲ್ಲಿ ನನ್ನ ಹಾಗೆ ಎಣಿಸುತ್ತಿದ್ದವಳು ಅವಳೊಬ್ಬಳೇ. "ಲ್ಯಾಬಲ್ಲಿ ಏನು ಕಾಯ್ಲೆ ಐತೆ ಅಂತ ಬರ್ದುಕೊಡೋದಷ್ಟೇ ನಾನು. ವಾಸಿ ಮಾಡೋದು ಇಲ್ಲಿ," ಎಂದು ಒಮ್ಮೆ ಹೇಳಿದ್ದಳು.

"ಜೋಡಿ ಗುಡಿ ಆಟದಲ್ಲಿ ಇವನು ತಡೆ ಒಳಗಿದ್ದ," ಎಂದು ನನ್ನ ಕಡೆ ಕೈ ತೋರಿಸಿದಳು. "ರಕ್ತ ಸುರೀತಿತ್ತು. ನಾನು ಆಚೆಯಿಂದ ಮಂತ್ರ ಹಾಕ್ದೆ. ಓಯ್ತು. ಇವನು ಬದುಕ್ದ."

"ಓಗಿರಕ್ಕಿಲ್ಲ. ನಾನು ಬಿಡ್ತಾನೇ ಇರ್ಲಿಲ್ಲ."

"ಬಿಟ್ಟಿದ್ದೆ ಕಣಪ್ಪಾ. ನೀನೇ ಬಿಟ್ಟಿದ್ದೆ."

ಅರಕಲಗೂಡಿನವನು ಟೂಟಿಫ್ರೂಟಿ ಅಗಿಯುತ್ತಾ ನನ್ನ ಸ್ಟೂಲನ್ನು ಒದ್ದ. "ತೆಗೀಲಾ ಆಲೂಗೆಡ್ಡೆ ನಿನ್ ಬುಕ್ಕ. ಇವತ್ತಾದ್ರೂ ಕೆಲ್ಸಕ್ಕೆ ಬರ್ಲಿ."

ಆಗ 3 ಗಂಟೆ 52. ನಾನು ಹತ್ತೊಂಬತ್ತನೆಯ ಆಟದ ಪುಟ ತೆಗೆದೆ. ಜೂನ್ 23, ಭಾನುವಾರ. ಮೊಸಳೆ ಎಂಬ ಊರಿನ ಜೋಡಿ ಗುಡಿಗಳ ಹಾಗೆ ಒಂದೇ ಅಚ್ಚಿನ ಎರಡು ಗುಡಿಗಳ ನಡುವೆ ನಡೆದ ಆಟ. ಅಲ್ಲಿ ಮೂರು ಸಾಲು ಇದ್ದವು.

4:05. ಟೀ ಐದು. ಗ್ಲಾಸು ನಾಲ್ಕು. ತಡೆಯ ಗ್ಲಾಸು ಎತ್ತಿಕೊಂಡದ್ದು.

4:11. ವೈದ್ಯೆಯ ಮಂತ್ರ, ದಾಳ 17. ಭರ್ಜಿಯವನು ಬದುಕಿದ.

4:20. ಗ್ಲಾಸು ವಾಪಸು.

ಓದಿದ ತಕ್ಷಣ ಆ ದಿನ ಕಣ್ಣ ಮುಂದೆ ಬಂತು. ಎಂದೂ ಕೂರದ ಭಟ್ಟಿಯಣ್ಣ ಅಂದು ಮೂಟೆಯ ಮೇಲೆ ಕೂತು ನಮ್ಮ ಜೊತೆ ಟೀ ಕುಡಿದಿದ್ದರು. ಒಂದು ಗ್ಲಾಸು ಕಡಿಮೆ ಬಿದ್ದಿತ್ತು. ಯಜಮಾನ ಟ್ರೇ ಮೇಲೆ ಬೋರಲಿದ್ದ ಗ್ಲಾಸನ್ನೇ ಎತ್ತಿ, ಮೈದಾ ತೊಳೆದು, ಅದರಲ್ಲಿ ಟೀ ಹಾಕಿಸಿಕೊಂಡಿದ್ದ. ಅವನು ಕುಡಿಯುತ್ತಿದ್ದಾಗ ಅವಳು ಮಂತ್ರ ಹಾಕಿದಳು. ಗೋಡಂಬಿ ಬಯಲಲ್ಲಿ ಬಿದ್ದಿತ್ತು, ತಡೆಯ ನೆನಪು ಯಾರಿಗೂ ಇರಲಿಲ್ಲ, ಅವನು ಸರಿ ಎಂದ. ಟೀ ಮುಗಿದ ಮೇಲೆ ಗ್ಲಾಸನ್ನು ಮೊದಲಿದ್ದ ಜಾಗದಲ್ಲೇ ಬೋರಲು ಹಾಕಿದ. ನಾನು ಟೀ ಎಣಿಸುವವನಾದ್ದರಿಂದ ಬರೆದಿದ್ದೆ. ಬರೆದದ್ದರ ಅರ್ಥ ಅಂದು ನನಗೂ ಹೊಳೆದಿರಲಿಲ್ಲ.

ನಾನು ನಡುವಿನ ಸಾಲನ್ನು ಮಾತ್ರ ಗಟ್ಟಿಯಾಗಿ ಓದಿದೆ.

ಯಜಮಾನನ ಮುಖ ಇಳಿಯಿತು. ಅದನ್ನು ನಾನು ಸಾವಕಾಶವಾಗಿ ನೋಡಿದೆ. ಎರಡನೆಯ ನಿಯಮ ಅವನದೇ ಕೈಬರಹದಲ್ಲಿ ಅವನ ಮುಂದೆಯೇ ಇತ್ತು. ಒಂದು ಸಲ ಮಂತ್ರವನ್ನು ತಡೆಯ ಒಳಗೆ ಬಿಟ್ಟಿದ್ದರೆ ಈ ಸಲವೂ ಬಿಡಬೇಕು. ಅವನು ಗ್ಲಾಸನ್ನು ಎತ್ತಿ, ಒಣದ್ರಾಕ್ಷಿಯನ್ನು ಬೆರಳಲ್ಲಿ ಆಚೆ ತಳ್ಳಿದ. "ಉಸಿರಾಡು," ಎಂದ. ಅವಳು ನನ್ನ ಕಡೆ ನೋಡಿ ನಕ್ಕಳು. ಹದಿಮೂರು ತಿಂಗಳಲ್ಲಿ ಹಾಗೆ ನಕ್ಕದ್ದು ಅದೊಂದೇ ಸಲ.

ಮೆಟ್ಟಿಲು ಇಳಿಯುವಾಗ ಅವನು ಅಡ್ಡ ನಿಂತ. "ಬುಕ್ಕು ಕೊಟ್ಟೋಗು. ಒಂದು ವಾರ. ನಾನೂ ಓದ್ತೀನಿ."

ಕೊಡುವುದಿಲ್ಲ ಎಂದರೆ ಏನೋ ಇದೆ ಎಂದು ಒಪ್ಪಿಕೊಂಡ ಹಾಗೆ. ಪುಟ ಹರಿಯಬಹುದಿತ್ತು, ಆದರೆ ಪುಟಗಳಿಗೆಲ್ಲ ನಾನೇ ಸಂಖ್ಯೆ ಹಾಕಿದ್ದೆ. ಕೊಟ್ಟೆ. ಆ ವಾರದ ಉಷ್ಣತೆಗಳಲ್ಲದೆ ಮತ್ತೇನನ್ನೂ ಎಲ್ಲಿಯೂ ಬರೆಯಲಿಲ್ಲ.

ಫೆಬ್ರವರಿ 16, ಭಾನುವಾರ, 2 ಗಂಟೆ 10. ನಾನು ಮೇಲೆ ಹೋಗುವ ಹೊತ್ತಿಗೆ ಉಳಿದವರು ಕೂತಿದ್ದರು. ಟ್ರೇ ಮೇಲೆ ಮೈದಾ ಇರಲಿಲ್ಲ, ನನ್ನ ಪುಸ್ತಕ ಇತ್ತು. ಯಜಮಾನ ಮೂರು ಸಾಲನ್ನೂ ಓದಿದ. ಎರಡು ಸಲ ಓದಿದ. ಎರಡನೆಯ ಸಲ 'ಟೀ ಐದು' ಎಂಬಲ್ಲಿ ನಿಲ್ಲಿಸಿ ನನ್ನ ಕಡೆ ನೋಡಿದ.

ಮೊದಲು ಮಾತಾಡಿದವಳು ಅವಳು. "ಈ ಸಾಲು ನಿಂಗೆ ಅವತ್ತು ಕಾಣಿಸ್ಲಿಲ್ವಾ?"

"ಕಾಣಿಸ್ತು."

"ಯಾಕೆ ಓದ್ಲಿಲ್ಲ?"

"ನಿನ್ನ ಉಳಿಸಕ್ಕೆ."

"ಸುಳ್ಳೇಳಬೇಡ. ಇವನು ಸೋಲೋದು ನೋಡಕ್ಕೆ. ನಾನು ಮುಳುಗ್ತಿದ್ರೂ ನೀನು ನೋಡ್ತಿದ್ದದ್ದು ಇವನ ಮುಖವ."

ಅರಕಲಗೂಡಿನವನು, "ಆಲೂಗೆಡ್ಡೇಗೆ ಮೊಳಕೆ ಬಂದ್ಬುಡ್ತು ಕಣ," ಎಂದ. ಯಾರೂ ನಗಲಿಲ್ಲ. ಅವಳು ಹೇಳಿದ್ದು ನಿಜವಾಗಿತ್ತು.

ಯಜಮಾನ ಕೂಗಾಡಲಿಲ್ಲ. ರಾತ್ರಿಯೆಲ್ಲ ಯೋಚಿಸಿಟ್ಟದ್ದನ್ನು ಒಪ್ಪಿಸುವವನ ಹಾಗೆ ನಿಧಾನವಾಗಿ ಹೇಳಿದ. "ಇವತ್ತು ಒಂದು ಆಳೆ ಭಟ್ಟಿಗೆ ಓಗ್ತದೆ. ಯಾರ್ದು ಅಂತ ನೀನೇ ಏಳು. ನಾನು ಗ್ಲಾಸು ಎತ್ತಿದಾಗ ತಡೆ ಇತ್ತಾ, ಇರ್ಲಿಲ್ವಾ? ಇತ್ತು ಅಂದ್ರೆ ನಾನು ತಡೆಯೊಳಕ್ಕೆ ಮಂತ್ರ ಬಿಟ್ಟಂಗಾಯ್ತು. ಆ ತೀರ್ಪು ನಿಲ್ತದೆ, ಅವಳು ಬದುಕ್ತಾಳೆ. ಆದ್ರೆ ಬುಕ್ಕಲ್ಲಿರೋದನ್ನ ಮುಚ್ಚಿಟ್ಟಿದ್ದಕ್ಕೆ ನಿನ್ ಆಳೆ ಓಗ್ತದೆ. ಇರ್ಲಿಲ್ಲ ಅಂದ್ರೆ ನಾನು ತಡೆಯೊಳಕ್ಕೆ ಏನೂ ಬುಟ್ಟಿಲ್ಲ. ಓದ ವಾರ ನಿನ್ ಓಲೆ ಒಳಕ್ಕೆ ಓಗ್ಲಿಲ್ಲ. ಅವಳು ಮುಳುಗಿದ್ಲು. ಓಗೋದು ಒಂದೇ ಆಳೆ, ಅದಕ್ಕೆ ನಿನ್ನ ಬಿಡ್ತೀನಿ."

"ಇತ್ತು ಅನ್ನು," ಎಂದಳು ಅವಳು. ಬೇಡಿಕೊಳ್ಳುವ ದನಿಯಲ್ಲ. ರಕ್ತ ತೆಗೆಯುವ ಮೊದಲು ಕೈ ಚಾಚಿ ಎನ್ನುವ ಹಾಗೆ. "ನೀನು ಒಳಗೆ ಸಾಯ್ತಾ ಇದ್ದೆ, ಎಲ್ಲರ್ಗೂ ಗೊತ್ತಿತ್ತು. ಟೀ ಕುಡ್ದ್ರೆ ಗೋಡೆ ಓಯ್ತದಾ?"

ನಾನು ಪುಸ್ತಕವನ್ನು ನನ್ನ ಕಡೆ ಎಳೆದುಕೊಂಡು ಮೂರನೆಯ ಆಟದ ಪುಟ ತೆಗೆದೆ. ರಸ್ಕು ತಿಂದದ್ದು, ಸೇತುವೆ ಹೋದದ್ದು, ಕುದುರೆ ಸತ್ತದ್ದು ಎಲ್ಲ ಅಲ್ಲಿತ್ತು. ರಸ್ಕು ತಿಂದರೆ ಸೇತುವೆ ಇಲ್ಲವಾಗುವುದಾದರೆ, ಗ್ಲಾಸು ಎತ್ತಿದರೆ ತಡೆ ಉಳಿಯುವುದು ಹೇಗೆ? ಟ್ರೇ ಮೇಲೆ ಇರುವುದು ಇದೆ, ಇಲ್ಲದ್ದು ಇಲ್ಲ. 4:05ರಿಂದ 4:20ರವರೆಗೆ, ಹದಿನೈದು ನಿಮಿಷ, ಆ ಲೋಕದಲ್ಲಿ ತಡೆ ಇರಲಿಲ್ಲ.

"ಇರ್ಲಿಲ್ಲ," ಎಂದೆ.

ನಿಯಮದ ಪ್ರಕಾರ ಅದೇ ಸರಿ ಎಂದು ಆಗ ನನಗೆ ಅನ್ನಿಸಿತ್ತು. ನನ್ನ ಹಾಳೆ ನನ್ನ ಮೊಣಕೈ ಕೆಳಗೆ ಇತ್ತು ಎಂಬುದೂ ನಿಜ. ಎರಡರಲ್ಲಿ ಯಾವುದು ನನ್ನ ಬಾಯಿಂದ ಆ ಮಾತನ್ನು ಹೊರಡಿಸಿತು ಎಂದು ಆಮೇಲೆ ಎಷ್ಟು ಸಲ ಕೂತು ನೋಡಿದರೂ ತಿಳಿಯಲಿಲ್ಲ.

ಅವಳು ತನ್ನ ಹಾಳೆಯ ಹಿಂಬದಿ ತಿರುಗಿಸಿ, ಮೂವತ್ತೊಂದು ಹೆಸರಿನಲ್ಲಿ ಒಂದನ್ನು ಹುಡುಕಿ, ಪೆನ್ನಿನಿಂದ ಕಾಗದ ಹರಿಯುವಷ್ಟು ಒತ್ತಿ ಹೊಡೆದು ಹಾಕಿದಳು. ಹತ್ತೊಂಬತ್ತನೆಯ ಆಟದ್ದು. ನನ್ನ ಕಾವಲುಗಾರನ ಹೆಸರು. ಮೂವತ್ತು ಉಳಿಯಿತು. ಆಮೇಲೆ ಎದ್ದು ಮೆಟ್ಟಿಲಿಳಿದಳು, ನಾವು ಹಿಂದೆ ಹೋದೆವು.

ಭಟ್ಟಿಯಣ್ಣ ಬಾಗಿಲು ತೆಗೆದರು. ಒಳಗೆ ಸಂಜೆಯ ಬನ್ನಿಗೆ ಕಾಯಿಸಿದ್ದ ಇಟ್ಟಿಗೆ ಕೆಂಪಗಿತ್ತು. "ಯಾರಪ್ಪಾ ಓಗ್ಬುಟ್ಟೋರು?" ಎಂದರು. ಹಾಳೆ ಅವಳ ಕೈಯಲ್ಲಿದ್ದದ್ದನ್ನು ನೋಡಿ, "ನೀನಾ ತಾಯಿ? ನೀನು ಎಲ್ಲರ್ನೂ ಉಳಿಸೋಳಲ್ಲವಾ?" ಎಂದರು.

"ನಾನು ಉಳಿಸ್ದೋರ್ನೇ ಕೇಳಿ," ಎಂದಳು.

ಅವರು ನನ್ನನ್ನು ನೋಡಿದರು. ನಾನು ಗಡಿಯಾರ ನೋಡಿದೆ, 2 ಗಂಟೆ 47. ಯಜಮಾನ ಭಟ್ಟಿಯ ಕಡೆ ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದ. ಹಿಂದಿನ ವಾರ ನಾನು ಅವನನ್ನು ನೋಡಿದಷ್ಟೇ ಸಾವಕಾಶವಾಗಿ.

"ಮುಂದಿನ ವಾರದಿಂದ ಮೂರೇ ಸ್ಟೂಲು," ಎಂದ. "ನಿನ್ ಭರ್ಜಿಯೋನು ಬದುಕವ್ನೆ. ಮನೇಲಿ ಇಟ್ಕೊ."

ಆಮೇಲೆ ಭಾನುವಾರ ನಾಲ್ಕು ಕಳೆದವು, ಫೆಬ್ರವರಿ 23, ಮಾರ್ಚ್ 2, 9, 16. ನಾಲ್ಕರಲ್ಲಿ ಮೂರು ದಿನ ಆ ದಾರಿಯಲ್ಲಿ ಹೋದೆ. ಮೆಟ್ಟಿಲ ಬುಡದಲ್ಲಿ ಮೂರು ಜೊತೆ ಚಪ್ಪಲಿ. ಅದರಲ್ಲಿ ಒಂದು ಜೊತೆ ಅವಳದು, ಪಟ್ಟಿಗೆ ಅದೇ ಲ್ಯಾಬಿನ ಅಂಟುಪಟ್ಟಿ ಸುತ್ತಿದ್ದದ್ದು. ಹೊಸ ಪಾತ್ರ ಮಾಡಿಕೊಂಡಿರಬೇಕು. ಮೇಲಿಂದ ದಾಳ ತಗಡಿನ ಮೇಲೆ ಉರುಳುವ ಸದ್ದು ಕೇಳಿಸಿತು, ಎಷ್ಟು ಬಿತ್ತು ಎಂದು ಕೇಳಿಸಲಿಲ್ಲ. ಕೌಂಟರಿನಲ್ಲಿ ಮಾಲೀಕರು ಏನು ಬೇಕು ಎಂದರು. ಏನೂ ಬೇಡ ಎಂದು ಬಂದೆ.

ನನ್ನ ಕಾವಲುಗಾರನ ಹಾಳೆ ನೋಟ್‌ಬುಕ್ಕಿನ 188ನೆಯ ಪುಟದೊಳಗಿದೆ. ಗಾಯ ಸೊನ್ನೆ, ಭರ್ಜಿ ಒಂದು, ಮಂತ್ರದ ಓಲೆ ಒಂದು. ಆ ಓಲೆಯನ್ನು ಬಳಸಿದ್ದೇನೆ ಎಂದು ಬರೆಯಬೇಕೋ, ಬಳಸಿಲ್ಲ ಎಂದೋ ತೀರ್ಮಾನವಾಗದೆ ಅದರ ಮುಂದಿನ ಜಾಗವನ್ನು ಖಾಲಿ ಬಿಟ್ಟಿದ್ದೇನೆ.

ಈ ಬಗೆಯ ಆಟವನ್ನು ಬೇರೆ ಊರುಗಳಲ್ಲಿ, ನಮಗಿಂತ ಹೆಚ್ಚು ಕಾಲದಿಂದ, ಸರಿಯಾದ ಪುಸ್ತಕ ಇಟ್ಟುಕೊಂಡು ಆಡುವವರು ಇದ್ದೇ ಇರುತ್ತೀರಿ. ತಡೆಯ ಗುರುತಿಗೆ ಇಟ್ಟ ವಸ್ತುವನ್ನು ಆಟದ ನಡುವೆ ಬೇರೆ ಕೆಲಸಕ್ಕೆ ಎತ್ತಿಕೊಂಡರೆ ತಡೆ ಉಳಿಯುತ್ತದೆಯೋ ಹೋಗುತ್ತದೆಯೋ? ನಿಮ್ಮ ಮೇಜಿನಲ್ಲಿ ಹೀಗಾಗಿದ್ದರೆ ಏನು ತೀರ್ಪು ಕೊಟ್ಟಿರಿ, ಯಾವಾಗ, ಯಾವ ಆಧಾರದ ಮೇಲೆ? ಗೊತ್ತಿದ್ದವರು ಬರೆದು ತಿಳಿಸಿ. ನಾನು ಹೇಳಿದ್ದು ತಪ್ಪು ಎಂದಾದರೂ ತಿಳಿಸಿ, ಹಾಗಿದ್ದರೆ ಇನ್ನೊಂದು ಹಾಳೆಯನ್ನು ಭಟ್ಟಿಯಣ್ಣನ ಕೈಗೆ ಕೊಟ್ಟು ಬರಬೇಕಾಗಿದೆ.